ಬೆಕ್ಕು ಹೇಗೆ ಕಲಿಯಿತು

ಹಲಸೂರಿನ ಆ ಮನೆಗೆ ಇಂಗ್ಲಿಷಿನಲ್ಲಿ ಏನೇ ಬಂದರೂ ಮೊದಲು ರಮ್ಯಶ್ರೀಯ ಕೈಗೆ ಹೋಗಬೇಕು. ಬ್ಯಾಂಕಿನ ಕಾಗದವಿರಲಿ, ಮದುವೆಯ ಕರೆಯೋಲೆಯಿರಲಿ, ಅವಳ ಕೆಂಪು ಪೆನ್ನು ದಾಟದೆ ಯಾವುದಕ್ಕೂ ಬೆಲೆಯಿಲ್ಲ. ರಸಾಯನಶಾಸ್ತ್ರ ಓದಿ, ಕುಕ್ ಟೌನಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಲು ನಿಂತವಳು ಅವಳು. ತಂಗಿ ಮೋನಿಷಾಗೆ ನೋಡಿದ್ದ ಹುಡುಗ, ರಮ್ಯಶ್ರೀಯೇ ಕೇಳಿದ್ದಕ್ಕೆ, ತನ್ನ ಮನೆಯ ಭಾನುವಾರದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಕಳಿಸಿದ. ಅದೂ ಅಕ್ಕನ ಮೊಬೈಲಿಗೆ ಬಂತು.

"ಒಂದೂ ತಪ್ಪಿಲ್ಲ ಕಣಮ್ಮ. ಎಷ್ಟು ಅಚ್ಚುಕಟ್ಟಾಗಿ ಬರ್ದಿದ್ದಾನೆ! ಕಣ್ಮುಚ್ಕೊಂಡು ಒಪ್ಕೊಳ್ಳಿ," ಎಂದಳು ರಮ್ಯಶ್ರೀ. ಮನೆ ಒಪ್ಪಿತು. ಬರುವ ಭಾನುವಾರ ನಿಶ್ಚಿತಾರ್ಥ.

ಆ ಬರಹ ಅವಳಿಗೆ ಎಷ್ಟು ಹಿಡಿಸಿತೆಂದರೆ, ಹೆಸರು ತೆಗೆದು ಹತ್ತನೇ ತರಗತಿಗೆ ಅಪರಿಚಿತ ಗದ್ಯವಾಗಿ ಕೊಟ್ಟಳು. ಮಕ್ಕಳು ಮೊದಲು ಕಂಡಿರದ ಪುಟ; ಯಾವ ಗೈಡಿನಲ್ಲೂ ಉತ್ತರವಿಲ್ಲ. ಅವಳ ನಿಯಮ ಒಂದೇ: ಏನೇ ಹೇಳಿದರೂ ಪುಟದಿಂದ ಸಾಕ್ಷಿ ತೋರಿಸಬೇಕು, ಪ್ರಯೋಗಶಾಲೆಯಲ್ಲಿ ಮಾಡುವ ಹಾಗೆ.

"ಈ ಮನೆಯ ವಾತಾವರಣ ಹೇಗಿದೆ?" ಎಂದು ಕೇಳಿದಳು. 'ಶಾಂತಿ' ಎಂಬ ಉತ್ತರ ಅವಳ ಬಳಿ ಸಿದ್ಧವಾಗಿತ್ತು.

ಫೈಸಲ್ ಎದ್ದ. "ಆಸ್ಪತ್ರೆ ಥರ ಇದೆ ಮಿಸ್. ಹಾರ್ನ್ ಮಾಡಬೇಡಿ ಅಂತ ಬೋರ್ಡ್ ಒಂದು ಹಾಕಿದ್ರೆ ಮುಗೀತು."

ತರಗತಿ ನಕ್ಕಿತು. ರಮ್ಯಶ್ರೀಯೂ ನಕ್ಕಳು. ಕೊನೆಯ ಬೆಂಚಿನಲ್ಲಿ ಧನುಶ್ರೀ ಮಾತ್ರ ಪುಟದಿಂದ ಕಣ್ಣು ತೆಗೆಯದೆ ಕೈಯೆತ್ತಿದಳು.

"ಮಿಸ್, ಇಲ್ಲಿ ನೋಡಿ. ಇದನ್ನ ಬರೆದವರು ಓದುವಾಗ ಬಾಗಿಲು ತಟ್ಟಬಾರದು ಅಂತ ಅಮ್ಮ ಕಲಿತಿದ್ದಾರೆ. ಊಟಕ್ಕೆ ಕೂತಾಗ ನಗಬಾರದು ಅಂತ ತಂಗಿ ಕಲಿತಿದ್ದಾಳೆ. ಆಮೇಲೆ ಬೆಕ್ಕು. ಇವರ ಕೋಣೆ ಹೊಸ್ತಿಲಲ್ಲೇ ನಿಂತ್ಬಿಡತ್ತಂತೆ, ಅದೂ ಕಲಿತಿದೆಯಂತೆ."

"ಸರಿ. ಅದಕ್ಕೇನೀಗ?"

"ಅಮ್ಮಂಗೆ, ತಂಗಿಗೆ ಬಾಯಲ್ಲಿ ಹೇಳ್ಬಹುದು. ಬೆಕ್ಕು ಹೇಗೆ ಕಲೀತು ಮಿಸ್?"

"ಬಿಸ್ಕೆಟ್ ಹಾಕಿರ್ತಾನೆ ಬಿಡು," ಎಂದ ಫೈಸಲ್.

"ಬಿಸ್ಕೆಟ್ ಹಾಕಿದ್ರೆ ಒಳಗೆ ಬರತ್ತೆ ಕಣೋ. ಹೊಸ್ತಿಲಲ್ಲಿ ನಿಲ್ಲಲ್ಲ."

ಫೈಸಲ್ ಮತ್ತೆ ಪುಟ ನೋಡಿದ. ಮೆಲ್ಲಗೆ ಕೂತ.

"ಹೊಡೆದ ಅಂತ ಪುಟದಲ್ಲಿ ಎಲ್ಲಿದೆ?" ಎಂದಳು ರಮ್ಯಶ್ರೀ. ಹೊಡೆತದ ಮಾತನ್ನು ಯಾರೂ ಎತ್ತಿರಲಿಲ್ಲ ಎಂಬುದು ತನ್ನ ದನಿ ಕಿವಿಗೆ ಬಿದ್ದ ಮೇಲೆ ಅವಳಿಗೆ ಹೊಳೆಯಿತು.

"ಇಲ್ಲ ಮಿಸ್. ಆದ್ರೆ ಇಡೀ ಪುಟದಲ್ಲಿ ಇವರನ್ನ ಬಿಟ್ಟು ಯಾರೂ ಒಂದು ಮಾತೂ ಆಡಲ್ಲ."

ರಮ್ಯಶ್ರೀ ಪುಟವನ್ನು ಮತ್ತೆ ಓದಿದಳು. ಅದೇ ವಾಕ್ಯಗಳು, ಒಂದೂ ತಪ್ಪಿಲ್ಲದವು. ಸ್ಫಟಿಕದಂತೆ ತಿಳಿಯಾದ ದ್ರಾವಣಕ್ಕೆ ಒಂದು ಹನಿ ಬಿದ್ದು ಇಡೀ ಗಾಜಿನ ಪಾತ್ರೆ ಕಪ್ಪಾದ ಹಾಗಾಯಿತು.

ಗಂಟೆ ಹೊಡೆಯುವುದಕ್ಕೂ ಕಾಯದೆ ವರಾಂಡಕ್ಕೆ ಬಂದು ತಂಗಿಗೆ ಫೋನ್ ಮಾಡಿದಳು.

"ಮೋನಿ, ಹೋದ ವಾರ ಆ ಹುಡುಗನ ಮನೇಲಿ ಊಟಕ್ಕೆ ಕೂತಿದ್ಯಲ್ಲ, ನಕ್ಯಾ?"

ಮೋನಿಷಾ ನಕ್ಕರೆ ಬೀದಿಯ ಆಚೆ ತುದಿಯ ಹೂವಿನ ಅಂಗಡಿಗೂ ಕೇಳಿಸುತ್ತಿತ್ತು.

"ಇಲ್ಲ ಅಕ್ಕ."

"ಯಾಕೆ? ನಗಬೇಡ ಅಂತ ಯಾರಾದ್ರೂ ಹೇಳಿದ್ರಾ?"

"ಯಾರೂ ಹೇಳ್ಲಿಲ್ಲ. ಶುರುವಲ್ಲಿ ಒಂದ್ಸಲ ನಕ್ಕೆ, ಅಷ್ಟೇ. ಅವರು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದ್ರು. ಅವರ ತಂಗಿ ಮೇಜಿನ ಕೆಳಗಿಂದ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ಳು. ಅವರು ಮತ್ತೆ ಚಮಚ ಎತ್ತೋವರೆಗೂ ಬಿಡ್ಲಿಲ್ಲ."

"ನಂಗೆ ಯಾಕೆ ಹೇಳ್ಲಿಲ್ಲ ಕಣೇ?"

"ನೀನೇ ಓದಿ ಒಂದೂ ತಪ್ಪಿಲ್ಲ ಅಂದ್ಯಲ್ಲ ಅಕ್ಕ. ತಪ್ಪು ನಂದೇ ಇರ್ಬೇಕು ಅಂದ್ಕೊಂಡೆ."

ರಮ್ಯಶ್ರೀ ಕೈಯಲ್ಲಿದ್ದ ಪುಟವನ್ನು ಮಡಚಿದಳು.

"ನಾನು ತಪ್ಪು ಓದ್ದೆ ಮೋನಿ," ಎಂದಳು. "ಭಾನುವಾರ ಏನೂ ನಡೆಯಲ್ಲ. ಅಮ್ಮಂಗೆ ಫೋನ್ ಕೊಡು, ನಾನೇ ಹೇಳ್ತೀನಿ."