ಬೋರಿಂಗಿಗೆ ಕೆಂಪು ಬಣ್ಣ

ಕೂಡ್ಲಿಗಿ ಸೀಮೆಯ ಆ ಹಟ್ಟಿಗೆ ಬೋರಿಂಗು ಬಂದದ್ದು ಭರಮಮ್ಮನ ಹಟದಿಂದ. ಅದಕ್ಕೂ ಮೊದಲು ಹೆಂಗಸರು ಎರಡು ಮೈಲಿ ದೂರದ ಹಳ್ಳದಲ್ಲಿ ಮರಳು ತೋಡಿ, ಒರತೆಯ ನೀರು ಬಳಿದು ತರುತ್ತಿದ್ದರು. ಆಕೆ ಹತ್ತು ಹೆಂಗಸರನ್ನು ಕಟ್ಟಿಕೊಂಡು ತಾಲೂಕು ಕಚೇರಿಯ ಮುಂದೆ ಎರಡು ದಿನ ಕೂತಿದ್ದಳು. ಬೋರು ಕೊರೆದ ದಿನ ಮನೆಮನೆಗೂ ಒಂದೊಂದು ಚೊಂಬು ನೀರನ್ನು ತಾನೇ ಕೊಟ್ಟು ಬಂದಿದ್ದಳು.

ಅದಾಗಿ ಹದಿನೈದು ವರ್ಷ. ಗಂಡ ಗಾದೆಪ್ಪ ಈಗ ಕುರಿಗಳ ಹಿಂದೆ ಹೋಗಲಾರ. ಮಡಚಿದ ಮೊಣಕಾಲು ಬಿಚ್ಚುವುದಿಲ್ಲ, ಕತ್ತು ತಿರುಗಿಸಬೇಕೆಂದರೆ ಇಡೀ ಮೈಯನ್ನೇ ತಿರುಗಿಸಬೇಕು. ಭರಮಮ್ಮನ ಬೆನ್ನೂ ಬಾಗಿತ್ತು. ವಾಯು ಎಂದುಕೊಂಡು ಇಬ್ಬರೂ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ ನೀರು ಪರೀಕ್ಷೆಯವರು ಬಂದರು. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧಿ ಬಿಟ್ಟರು. ಬಣ್ಣ ಹಳದಿಗೆ ತಿರುಗಿತು. ಅವರಲ್ಲೊಬ್ಬ ಬೋರಿಂಗಿಗೆ ಕೆಂಪು ಬಳಿಯತೊಡಗಿದ.

“ಫ್ಲೋರೈಡ್ ಜಾಸ್ತಿ ಐತಮ್ಮ. ಬಟ್ಟಿ ಒಗೀರಿ, ಕುಡೀಬ್ಯಾಡ್ರಿ. ನಿಮ್ಮ ಮೂಳಿ ಹಿಂಗಾಗಿದ್ದು ಇದರಿಂದಾನ. ಹಳ್ಳದ ನೀರು ಚಲೋ ಐತಿ.”

“ಇದು ಸಿಹಿ ಐತಲ್ರಿ?” ಎಂದಳು ಭರಮಮ್ಮ.

“ನಾಲಿಗಿಗೆ ಗೊತ್ತಾಗಂಗಿಲ್ಲಮ್ಮ.”

“ಈಗ ಬಿಟ್ರ ಬೆನ್ನು ನೆಟ್ಟಗಾಕ್ಕೈತೇನ್ರಿ?”

“ಇಲ್ಲ. ಸಣ್ಣ ಮಕ್ಕಳಿಗೆ ಕೊಡಬ್ಯಾಡ್ರಿ, ಅಷ್ಟ.”

ಹಟ್ಟಿಯಲ್ಲಿ ಯಾರೂ ಆಕೆಯನ್ನು ಬೈಯಲಿಲ್ಲ. “ನಿನಗೇನು ಗೊತ್ತಿತ್ತು, ಬಿಡಬೇ” ಎಂದಳು ಪಕ್ಕದ ಮನೆಯ ಅಂಜಿನಕ್ಕ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಭರಮಮ್ಮನಿಗೆ.

ಮರುದಿನದಿಂದ ಸೊಸೆ ರೇಣುಕಾ ಹಳ್ಳಕ್ಕೆ ನಡೆದಳು. ತಲೆಯ ಮೇಲೊಂದು, ಸೊಂಟಕ್ಕೊಂದು, ದಿನಕ್ಕೆ ಎರಡೇ ಕೊಡ. ಅದು ಮಗ, ಸೊಸೆ ಮತ್ತು ಮೂರು ವರ್ಷದ ಮೊಮ್ಮಗಳು ಚೌಡಕ್ಕನಿಗೆಂದು ಭರಮಮ್ಮ ತೆಗೆದಿರಿಸಿದಳು. ತಾವಿಬ್ಬರೂ ಬೋರಿಂಗಿನದನ್ನೇ ಕುಡಿದರು. ರೇಣುಕಾಗೆ ತಡೆಯಲಾಗಲಿಲ್ಲ, ಒಂದು ದಿನ ಊಟದ ಹೊತ್ತಿಗೆ ಹಳ್ಳದ ನೀರನ್ನು ಅತ್ತೆಯ ಚೊಂಬಿಗೆ ಸುರಿದಿಟ್ಟಳು. ಒಂದು ಗುಟುಕಿಗೇ ಭರಮಮ್ಮನಿಗೆ ಮಣ್ಣಿನ ವಾಸನೆ ಗೊತ್ತಾಯಿತು.

“ಕುಡೀರಿ ಅತ್ತಿ. ಇನ್ನೊಂದು ಸಲ ಹೋಗಿ ತರ್ತೀನಿ.”

“ಬ್ಯಾಡ ಯವ್ವ. ಎಲ್ಲರ ಮನಿಗೂ ಹೋಗಿ ಕುಡಿಸಿದಾಕಿ ನಾನು. ನಾನೊಬ್ಬಾಕಿ ಹೆಂಗ ಬಿಡ್ಲಿ?” ಎಂದು ಚೊಂಬನ್ನು ಮೊಮ್ಮಗಳ ಮುಂದೆ ಸರಿಸಿದಳು.

ಶ್ರಾವಣದಲ್ಲಿ ಗಾದೆಪ್ಪ ತೀರಿಕೊಂಡ. ಹೆಣವನ್ನು ನೆಟ್ಟಗೆ ಮಲಗಿಸಲು ಆಗಲಿಲ್ಲ. ಮೊಣಕಾಲಿಗೆ ಜಾಗ ಸಾಲದೆ ಗುಂಡಿಯನ್ನು ಅಗಲ ಮಾಡಬೇಕಾಯಿತು. ಭರಮಮ್ಮ ಅಳದೆ ನೋಡುತ್ತ ನಿಂತಿದ್ದಳು.

ಹನ್ನೊಂದನೇ ದಿನ ಮುಗಿದ ಮೇಲೆ ಸೊಸೆಯ ತೋಳು ಹಿಡಿದು ಬಸ್ಸು ಹತ್ತಿ ಅದೇ ಕಚೇರಿಗೆ ಹೋದಳು. ಸಾಹೇಬರು ಕಡತ ತಿರುವಿದರು. “ಬೋರು ಬೇಕಂತ ಕೇಳಿದ್ದು ನೀವ ಅಲ್ಲೇನಮ್ಮ?”

“ನಾವು ಕೇಳಿದ್ದು ನೀರು, ಸ್ವಾಮಿ.”

ಸಾಹೇಬರು ಕಡತದಲ್ಲಿ ಬರೆದುಕೊಂಡರು. ಮುಂದಿನ ವಾರದಿಂದ ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬಂತು. ಮೂರು ವರ್ಷದ ಮೇಲೆ ದೂರದ ಹೊಳೆಯ ನೀರು ನಲ್ಲಿಗೆ ಬಂತು. ಅಷ್ಟರಲ್ಲಿ ಭರಮಮ್ಮ ಹಾಸಿಗೆ ಹಿಡಿದಿದ್ದಳು.

ಚೌಡಕ್ಕನಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡಿದಾಗ ಆಕೆ ಮೊಮ್ಮಗಳನ್ನು ಹತ್ತಿರ ಕರೆದಳು. “ಬಾಯಿ ತೆಗಿ, ನೋಡೂಣು.”

ಮುಂದಿನ ಎರಡೂ ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು. ಹುಟ್ಟಿದ ಮೊದಲ ಮೂರು ವರ್ಷ ಕುಡಿದ ನೀರು ಒಸಡಿನೊಳಗೇ ತನ್ನ ಕೆಲಸ ಮುಗಿಸಿತ್ತು. ಭರಮಮ್ಮ ಸೆರಗಿನ ತುದಿಯಿಂದ ಆ ಹಲ್ಲುಗಳನ್ನು ಒರೆಸಿದಳು, ಮತ್ತೊಮ್ಮೆ ಒರೆಸಿದಳು.

“ನೋಯತೈತಿ ಅಜ್ಜಿ” ಎಂದು ಹುಡುಗಿ ಮುಖ ಹಿಂದಕ್ಕೆಳೆದುಕೊಂಡಳು.