ಕಿವಿಗಿಟ್ಟ ಸ್ಕ್ರೂಡ್ರೈವರ್

ಪ್ರೊಜೆಕ್ಟರಿನ ಫ್ಯಾನು ಗೊರ್ ಅನ್ನುತ್ತಿದೆ, ಬೇರಿಂಗ್ ಸವೆದಿರಬೇಕು, ಈ ಮೀಟಿಂಗಿಗೆ ಅಪ್ಪ ಬಂದಿದ್ದರೆ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಯಂತ್ರಕ್ಕಿಟ್ಟು, ಒಳಗಿನ ಸದ್ದು ಕೇಳಲು ಹಿಡಿಯನ್ನು ಕಿವಿಗಿಟ್ಟು, ಇನ್ನೊಂದು ಕೈಯ ಬೆರಳೆತ್ತಿ — ಸುಮ್ನಿರು — ಮೂವತ್ತು ವರ್ಷ ಕಲ್ಲಿದ್ದಲ ವಿದ್ಯುತ್ ಸ್ಥಾವರದ ಟರ್ಬೈನುಗಳಿಗೆ ಹಾಗೇ ಕಿವಿಗೊಟ್ಟವನು, ನನ್ನ ಮಾತಿಗೂ ಒಂದಿನ ಹಾಗೇ ಕಿವಿ ಕೊಟ್ಟಿದ್ರೆ ಅಂತ ಅಮ್ಮನ ತಕರಾರು, ಮೇಜಿನಾಚೆ ಪಿಂಚಣಿ ನಿಧಿಯ ಅಧ್ಯಕ್ಷರದು ಬೇರೆ ತಕರಾರು, ಮೂಗಿನಲ್ಲೇ, ಏನಮ್ಮಾ, ಕಲ್ಲಿದ್ದಲು ಹದಿನಾಲ್ಕು ಪರ್ಸೆಂಟ್ ಲಾಭ ಕೊಡ್ತಿದೆ, ಗಾಳಿಯಂತ್ರ ಒಂಬತ್ತು, ಮುದುಕರ ದುಡ್ಡನ್ನ ಗಾಳಿಗೆ ತೂರೋದಾ, ಹೋದ ಮೀಟಿಂಗಿನಲ್ಲೂ ಇದೇ ಮಾತು, ಅದನ್ನೇ ನಿನ್ನೆ ಮನೆಯಲ್ಲಿ ಊಟಕ್ಕೆ ಕೂತಾಗ ಮಗಳು ಮೂಗು ಹಿಡಿದು ಅಣಕಿಸಿದ್ದಳು, ಅಪ್ಪ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ಕೆಮ್ಮಾಗಿಯೇ ಉಳಿಯಿತು, ಆ ಮುದುಕರಲ್ಲಿ ಅಪ್ಪನೂ ಒಬ್ಬ, ಸಲಹೆಗಾರ್ತಿ ಅನ್ನಿಸಿಕೊಂಡ ಅವಳು ಇವತ್ತು ಎಡವಿದರೆ ಸ್ಥಾವರದ ನಿವೃತ್ತರೆಲ್ಲರ ಪಿಂಚಣಿ ಸೊರಗುತ್ತದೆ, ಶಿಫಾರಸಿನ ಹಾಳೆಯಲ್ಲಿ ಒಂದೇ ಜಾಗ ಖಾಲಿ, ನಿಧಿಯ ದುಡ್ಡು ಯಾವುದರಲ್ಲಿ ಹೂಡಬೇಕು ಅನ್ನುವುದು —

ಹದಿನಾಲ್ಕು, ಸರಿ, ಆದರೆ ಕಲ್ಲಿದ್ದಲಿನ ಬೆಲೆ ಏರಿದರೆ, ಹೊಗೆಗೆ ತೆರಿಗೆ ಬಿದ್ದರೆ, ಅವಧಿಗೆ ಮುಂಚೆ ಸ್ಥಾವರಕ್ಕೆ ಬೀಗ ಬಿದ್ದರೆ, ಗಾಳಿಗಾದರೆ ಬಿಲ್ ಕಳಿಸುವವರಿಲ್ಲ, ಬೀಸದ ತಿಂಗಳೂ ಉಂಟು, ಕರೆಂಟು ಕೊಂಡವರು ದುಡ್ಡು ಕೊಡದೆ ಸತಾಯಿಸುವುದೂ ಉಂಟು, ಆದರೂ ಇಪ್ಪತ್ತು ವರ್ಷದ ಒಪ್ಪಂದ, ಎಲ್ಲ ಬರೆದಾಗಿದೆ, ಕಲ್ಲಿದ್ದಲಿಗೆ ಬೆನ್ನು ತೋರಿಸಲು ಮಾತ್ರ ಕೈ ಬರುತ್ತಿಲ್ಲ, ಅದರ ಋಣ ದೊಡ್ಡದು, ತನ್ನ ಹಲ್ಲಿನ ತಂತಿ, ಕನ್ನಡಕ, ಕಾಲೇಜು, ಈ ಕುರ್ಚಿ, ಎಲ್ಲ ಆ ಕಪ್ಪಿನಿಂದಲೇ, ಅಮ್ಮ ಎಷ್ಟು ಉಜ್ಜಿದರೂ ಅಪ್ಪನ ಕಾಲರು ಬಿಳಿಯಾಗಲಿಲ್ಲ, ಮಗಳ ಯೂನಿಫಾರ್ಮ್ ಬೆಳ್ಳಗಿದ್ರೆ ಸಾಕು ಬಿಡೇ ಅನ್ನುತ್ತಿದ್ದ — ಹೋದ ವಾರ ಗಾಳಿಯಂತ್ರ ನೋಡಲು ಅವನನ್ನೂ ಕರೆದೊಯ್ದಳು, ಒಂದು ಜೇಬಲ್ಲಿ ಇನ್ಹೇಲರ್, ಇನ್ನೊಂದರಲ್ಲಿ ಅದೇ ಸ್ಕ್ರೂಡ್ರೈವರ್, ಅಯ್ಯೋ ಅಪ್ಪಾ, ಇಂಜಿನಿಯರುಗಳು ನಗ್ತಾರೆ, ನಗಲಿ ಬಿಡು, ನಕ್ರೆ ಶ್ವಾಸಕೋಶಕ್ಕೆ ಒಳ್ಳೇದು, ಬಿಳಿ ಕಂಬದ ಉಕ್ಕಿಗೆ ತುದಿಯಿಟ್ಟ, ಹಿಡಿಗೆ ಕಿವಿಯೊತ್ತಿದ, ಕಣ್ಣು ಮುಚ್ಚಿದ, ಅವನ ಎದೆಯ ಸುಯ್ ಸುಯ್ ಅವಳಿಗೆ ಕೇಳುತ್ತಿತ್ತು, ಅವನಿಗೆ ಕೇಳುತ್ತಿದ್ದುದು ಬೇರೆ, ಉಸಿರಾಟ ಚೆನ್ನಾಗಿದೆ ಮಗಳೇ, ಇದು ಬಾಳುತ್ತೆ, ಹಳೇದು ನಮ್ಮನ್ನ ಸಾಕಿತು, ಅದಕ್ಕೊಂದು ನಮಸ್ಕಾರ ಹೇಳಿ ಕಳಿಸಿಕೊಡು — ಏನಮ್ಮಾ, ಯಾವುದು ಅಂತ ಹೇಳಿ, ಮತ್ತೆ ಅಧ್ಯಕ್ಷರ ಮೂಗು, ಹೇಳ್ತೀನಿ ಸಾರ್, ಪೆನ್ನು ಮೊದಲು ಕಲ್ಲಿದ್ದಲಿನ ಸಾಲಿನ ಮೇಲೆ ಕ್ಷಣ ನಿಂತಿತು, ಕೈ ಮುಗಿದ ಹಾಗೆ, ಆಮೇಲೆ ಖಾಲಿ ಜಾಗಕ್ಕೆ ಇಳಿಯಿತು, ಗಾಳಿ, ಎರಡೇ ಅಕ್ಷರ, ಯಾರೋ ಪ್ರೊಜೆಕ್ಟರ್ ಆರಿಸಿದರು, ಗೊರ್ ನಿಂತಿತು, ಬಿಳಿ ಕಂಬ, ಹಿಡಿಗೊತ್ತಿದ ಅಪ್ಪನ ಕಿವಿ, ಎತ್ತಿದ ಬೆರಳು — ಸುಮ್ನಿರು —