ಕೊನೆಯಿಂದ ಬರೆದ ಬೋರ್ಡು

ನಾನು ಎಡಗೈಯವಳು. ಎಲ್ಲರಂತೆ ಎಡದಿಂದ ಬರೆಯಹೊರಟರೆ ಹಸಿ ಬಣ್ಣವೆಲ್ಲ ಅಂಗೈಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಅಪ್ಪನ ಬೋರ್ಡಿನ ಅಂಗಡಿಯಲ್ಲಿ ನಾನು ಸೀಮೆಸುಣ್ಣದಿಂದ ಅಕ್ಷರಕ್ಕೊಂದು ಖಾಲಿ ಮನೆ ಗೀಚಿಕೊಂಡು, ಕೊನೆಯ ಅಕ್ಷರದಿಂದ ಹಿಂದಕ್ಕೆ ಬರುತ್ತೇನೆ. ನದಿ ಸಮುದ್ರದಿಂದ ಹೊರಟು ಬೆಟ್ಟ ಹತ್ತಿದ ಹಾಗೆ.

ಆ ಸಲ ಬಂದ ಕೆಲಸ ಎದುರುಸಾಲಿನ ಟೈಲರ್ ಅಕ್ಕನದು. ಅಕ್ಕ ಬಟ್ಟೆ ಕತ್ತರಿಸುವವಳು, ತಂಗಿ ಹೊಲಿಯುವವಳು. ಒಂದೇ ಮೇಜಿನ ಎರಡು ಬದಿಗೆ ಕೂತು ತಲೆಗೂದಲು ಬೆಳ್ಳಗಾದವರು. ಈಗ ತಂಗಿಗೆ ನಾಟಕಮಂದಿರದಲ್ಲಿ ಉಡುಪು ಹೊಲಿಯುವ ಕೆಲಸ ಸಿಕ್ಕಿತ್ತು. ಅಕ್ಕ ಅವಳೊಡನೆ ಮಾತು ಬಿಟ್ಟಿದ್ದಳು. ಅಂಗಡಿ ಮುಚ್ಚುತ್ತೇನೆ, ಯಾಕೆಂದು ಬೀದಿಗೆಲ್ಲ ಗೊತ್ತಾಗಲಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆಸಲು ಬಂದಳು: ಕ್ಲೋಸ್ಡ್ ಓಯಿಂಗ್ ಟು ಮೈ ಸಿಸ್ಟರ್. ಅಂದರೆ, ನನ್ನ ತಂಗಿಯ ದೆಸೆಯಿಂದ ಮುಚ್ಚಿದೆ.

ಅವಳು ಹೋದ ಮೇಲೆ ಅಪ್ಪ, ಅಕ್ಕತಂಗಿಯರ ಜಗಳಕ್ಕೆ ನಮ್ಮ ಬಣ್ಣ ಯಾಕೆ ಎಂದು ಗೊಣಗಿದರು.

ಮೂಲೆಯಲ್ಲಿ ಕುಂಚ ತೊಳೆಯುತ್ತಿದ್ದ ಅಜ್ಜಿ, ಓಯಿಂಗ್ ಎಂದರೇನು ಎಂದು ಕೇಳಿದಳು. ಒಂಟಿಯಾಗಿದ್ದರೆ ಇನ್ನೂ ತೀರದ ಬಾಕಿ, ಪಕ್ಕದಲ್ಲಿ 'ಟು' ಬಂದು ಕೂತರೆ ಕಾರಣ ಎಂದೆ. ಮಳೆಯಿಂದ ಆಟ ನಿಂತರೂ ಅದೇ ಮಾತು, ಯಾರಿಂದಲೋ ಬದುಕು ಹಸನಾದರೂ ಅದೇ ಮಾತು. ಅಜ್ಜಿಗೆ ಇದೇನೂ ಹೊಸದೆನಿಸಲಿಲ್ಲ. ಅವಳ ಕಥೆಗಳಲ್ಲಿ ಕಾಡು ದಾಟಿ ಬಂದ ರಾಜಕುಮಾರಿಯನ್ನು ಬಾಗಿಲಲ್ಲಿ ತಡೆದು, ಯಾರ ದೆಸೆಯಿಂದ ಬಂದೆ ಎಂದೇ ಕೇಳುತ್ತಾರೆ. ಅವಳು ಕಾಲಿಗೆ ಚುಚ್ಚಿದ ಮುಳ್ಳನ್ನೂ ನೆನೆಯಬೇಕು, ಮುಳ್ಳು ತೆಗೆದ ಹಕ್ಕಿಯನ್ನೂ ನೆನೆಯಬೇಕು. ಒಂದನ್ನು ಮರೆತರೂ ಬಾಗಿಲು ತೆರೆಯುವುದಿಲ್ಲ.

ಮಧ್ಯಾಹ್ನದ ಬಿಸಿಲು ಹಲಗೆಯ ಮೇಲೆ ಬೆಕ್ಕಿನಂತೆ ಮಲಗಿತ್ತು. ಸಿಸ್ಟರ್ ಆಯಿತು, ಮೈ ಆಯಿತು, ಟು ಆಯಿತು. ಓಯಿಂಗ್‌ನ ದುಂಡನೆಯ ಮೊದಲಕ್ಷರ ಬರೆಯುವಾಗ ಅದು ನನಗೊಂದು ಕೊಳದಂತೆ ಕಂಡಿತು. ಅಕ್ಕ ತಂಗಿ ಇಬ್ಬರೂ ಅದರಲ್ಲಿ ಬಗ್ಗಿ ಮುಖ ನೋಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಕೊಳದ ಮೇಲೆ ನಿಜವಾದ ನೆರಳೇ ಬಿತ್ತು. ಸೂಜಿದಾರದ ಪೆಟ್ಟಿಗೆಯ ಮೇಲೆ ಹೆಸರು ಬರೆಸಲು ತಂಗಿ ಬಂದಿದ್ದಳು.

ಹಲಗೆಯನ್ನು ಓದಿ ಅಲ್ಲೇ ನಿಂತಳು.

"ಇದು ನಮ್ಮಕ್ಕನ ಬೋರ್ಡಲ್ವಾ? ಈ ಕಡೆ ಏನ್ ಬರುತ್ತೆ?" ಎಂದು ಖಾಲಿ ಮನೆಗಳನ್ನು ತೋರಿಸಿದಳು.

ನಾನು ಬಣ್ಣ ಕಲಸುವ ನೆಪದಲ್ಲಿ ತಲೆ ತಗ್ಗಿಸಿದೆ. ಕೆಲಸ ಎಲ್ಲಿಗೆ ಬಂತು ನೋಡೋಣವೆಂದು ಅಕ್ಕನೂ ಅದೇ ಹೊತ್ತಿಗೆ ಒಳಗೆ ಕಾಲಿಟ್ಟಳು. ತಂಗಿ ಅವಳನ್ನೇ ಕೇಳಿದಳು.

"ನನ್ನ ದೆಸೆಯಿಂದ ಏನಾಯ್ತಕ್ಕಾ? ನೀನೇ ಹೇಳು."

ಬೀದಿಗೆಲ್ಲ ಸಾರಹೊರಟಿದ್ದ ಅಕ್ಕ ಬೋರ್ಡು ನೋಡಿದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ತಂಗಿಯ ಬೆರಳು ನೋಡಿದಳು.

"ನೀನು ಹೋದ್ಮೇಲೆ, ನಾನು ಕತ್ತರಿಸಿದ್ದನ್ನ ಯಾರೇ ಹೊಲೀತಾರೆ?"

"ನಾನೇ, ಇನ್ಯಾರು? ಅಲ್ಲಿನ ಕತ್ತರಿ ಮಾಸ್ತರ ಕೈಲಿ ರಾಜನ ಅಂಗಿ ಗೋಣಿಚೀಲ ಆಗುತ್ತೆ. ಬಟ್ಟೆ ಕತ್ತರಿಸೋಕೆ ನಿನ್ನ ಮೇಜಿಗೇ ಬರ್ಬೇಕು ಅಂತ ಹೇಳೇ ಒಪ್ಕೊಂಡಿದೀನಿ. ಅದನ್ನ ಹೇಳೋಕ್ ಬಂದಾಗೆಲ್ಲ ನೀನು ಕತ್ತರಿ ಆಡಿಸ್ಕೊಂಡು ಕೂತೆ."

ಅಜ್ಜಿಯ ಕೈಯಲ್ಲಿ ಕುಂಚ ನಿಂತಿತು. ಅಕ್ಕ ಮೂಗೊರೆಸಿಕೊಂಡು, ಎಲ್ಲ ತಪ್ಪೂ ನನ್ನದೇ ಎಂಬಂತೆ ನನ್ನತ್ತ ತಿರುಗಿದಳು.

"ಏ ಎಡಚಿ, ಬಾಯಿ ಬಿಟ್ಕೊಂಡು ಯಾಕೆ ಕೂತಿದೀಯಾ? ಓಪನ್ ಅಂತ ಬರಿ."

ಕ್ಲೋಸ್ಡ್‌ನ ಆರು ಇಂಗ್ಲಿಷ್ ಅಕ್ಷರಕ್ಕೆ ಅಳೆದಿಟ್ಟ ಜಾಗ. ಬಂದ ಅಕ್ಷರ ನಾಲ್ಕೇ. ಮನೆಗಳನ್ನು ಅಳಿಸಿ ಇನ್ನಷ್ಟು ಅಗಲವಾಗಿ ಗೀಚಿದೆ. ಈಗಲೂ ಆ ಅಂಗಡಿಯ ಮುಂದೆ ಹಾದಾಗ ನೋಡುತ್ತೇನೆ: ಉಳಿದ ಅಕ್ಷರಗಳೆಲ್ಲ ಒತ್ತೊತ್ತಾಗಿ ನಿಂತಿದ್ದರೆ, ಕೊನೆಯಲ್ಲಿ ಬಂದ ಆ ನಾಲ್ಕು ಮಾತ್ರ ಕಾಲು ಚಾಚಿ ಹಾಯಾಗಿ ಕೂತಿರುತ್ತವೆ.